ಸಿಪ್ಪೆಯಕ್ಕನ ಕಿವಿ

ಅವಳಿಗೆ ಸಿಪ್ಪೆಯಕ್ಕ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ನಾನು ಆ ಅಂಗಡಿಗೆ ಸೇರುವ ಹೊತ್ತಿಗೆ ಹೆಸರು ಅಂಟಿಕೊಂಡಾಗಿತ್ತು. ಅವಳು ಸುಲಿಯುತ್ತಿದ್ದದ್ದು ರಬ್ಬರಿನ ಸಿಪ್ಪೆ. ಮಣ್ಣು ಅಗೆಯುವ ದೊಡ್ಡ ಯಂತ್ರಗಳ ತೋಳನ್ನು ಎತ್ತಿ ಇಳಿಸುವುದು ಎಣ್ಣೆಯ ಒತ್ತಡ. ಆ ಎಣ್ಣೆ ಓಡುವ ದಪ್ಪ ಹೋಸ್ ಪೈಪುಗಳನ್ನು ಅಳತೆಗೆ ಕತ್ತರಿಸಿ, ಎರಡೂ ತುದಿಗೆ ಉಕ್ಕಿನ ಜೋಡಣೆ ಕೂರಿಸಿ ಕೊಡುವುದು ನಮ್ಮ ಕೆಲಸ. ಪೈಪಿನ ಹೊರಮೈ ರಬ್ಬರು, ಅದರ ಕೆಳಗೆ ಹೆಣೆದ ಉಕ್ಕಿನ ತಂತಿ. ತುದಿಯ ರಬ್ಬರನ್ನು ಸ್ಕೈವಿಂಗ್ ಮಷೀನಿಗೆ ಕೊಟ್ಟು ಸುಲಿದು, ತಂತಿ ಕಾಣುವಂತೆ ಮಾಡುವವಳು ಅವಳು. ಆ ತಂತಿಯ ಮೇಲೆ ಉಕ್ಕಿನ ಟೋಪಿ ತೊಡಿಸಿ, ಕ್ರಿಂಪಿಂಗ್ ಮಷೀನಿನಲ್ಲಿ ಸುತ್ತಲಿಂದ ಅಮುಕುವವನು ನಾನು.

"ಅಷ್ಟೇನಾ?" ಎಂದು ಕೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಷ್ಟೇ ಅಂತೆ! ರಬ್ಬರು ಕೊಂಚ ಉಳಿದರೆ ಟೋಪಿಯ ಹಲ್ಲು ತಂತಿಯನ್ನು ಕಚ್ಚುವುದಿಲ್ಲ, ಒತ್ತಡ ಬಿದ್ದಾಗ ಪೈಪು ಕಳಚಿ ಹಾರುತ್ತದೆ. ಕೊಂಚ ಹೆಚ್ಚು ಸುಲಿದರೆ ಅಲಗು ತಂತಿಯನ್ನೇ ಕೆರೆಯುತ್ತದೆ. ಕೆರೆದ ತಂತಿ ಅವತ್ತೇ ಕೈಕೊಡುವುದಿಲ್ಲ, ಅದೇ ಅದರ ದೊಡ್ಡ ಮೋಸ. ಏರಿ ಇಳಿಯುವ ಒತ್ತಡಕ್ಕೆ ಒಂದೊಂದೇ ಎಳೆ ತುಂಡಾಗುತ್ತಾ ಹೋಗಿ, ಯಾವತ್ತೋ ಒಂದು ದಿನ ಪೈಪು ಸಿಡಿಯುತ್ತದೆ. ಆಗ ಸುಡುವ ಎಣ್ಣೆಯ ಎದುರಿಗೆ ಯಾರ ಮುಖ ಇರುತ್ತದೋ ಅವರ ಗತಿ ಮುಗಿಯಿತು.

ಅಲಗು ಎಷ್ಟು ಇಳಿಯಬೇಕೆಂದು ತೋರಿಸಲು ಮಷೀನಿನಲ್ಲಿ ಒಂದು ತಿರುಪು ಇದೆ. ಅದರ ಗೆರೆಗಳು ಯಾವ ಕಾಲದಲ್ಲೋ ಸವೆದುಹೋಗಿವೆ. ಇದ್ದರೂ ಪ್ರಯೋಜನವಿಲ್ಲ, ಒಂದು ಸುರುಳಿ ಪೈಪಿನ ರಬ್ಬರಿನ ದಪ್ಪ ಇನ್ನೊಂದು ಸುರುಳಿಗೆ ಇರುವುದಿಲ್ಲ. ಹಾಗಾಗಿ ನಮ್ಮಲ್ಲಿ ಸುಲಿಯುವುದು ಕಿವಿಯಿಂದ. ಪೈಪಿನ ಬಾಯಿಯನ್ನು ಮಷೀನಿನ ಕಡ್ಡಿಗೆ ತೊಡಿಸಿ ಹಿಡಿಕೆ ಒತ್ತಿದರೆ, ರಬ್ಬರಿನ ಮೇಲೆ ಅಲಗು ಗೊರಗೊರ ಎನ್ನುತ್ತದೆ. ತಂತಿ ಹತ್ತಿರ ಬಂದಾಗ ಆ ಗೊರಗೊರದ ಅಡಿಯಿಂದ ಚುರ್ ಎಂದು ಒಂದು ಸಣ್ಣ ಸದ್ದು ಏಳುತ್ತದೆ. ಆ ಕ್ಷಣ ಕೈ ಮೇಲೆತ್ತಬೇಕು. ಸಿಪ್ಪೆಯಕ್ಕನಿಗೆ ಅದು ಹುಟ್ಟುವ ಮೊದಲೇ ಕೇಳಿಸುತ್ತಿತ್ತು ಎಂದರೆ ಬೊಗಳೆ ಎನ್ನುತ್ತೀರಿ. ಎನ್ನಿ, ನನಗೇನು.

ಹೀಗೆ ವರ್ಷಗಟ್ಟಲೆ ನಿಂತು ಸುಲಿದಳು. ರಬ್ಬರಿನ ಪುಡಿ ಮೂಗಿನಲ್ಲಿ, ಉಗುರಿನಲ್ಲಿ, ತಂದ ಊಟದ ಡಬ್ಬಿಯ ಅಂಚಿನಲ್ಲಿ. ಸಂಜೆ ಕೈ ತೊಳೆದರೆ ನೀರು ಕಪ್ಪಗಾಗುತ್ತಿತ್ತೇ ಹೊರತು ಕೈ ಬೆಳ್ಳಗಾಗುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅದೇ ಕೈಯಲ್ಲಿ ಮಗಳನ್ನು ಸಾಕಿದಳು, ಮದುವೆ ಮಾಡಿದಳು. ದಣಿವು ಅವಳ ಮೈಗೆ ಬಟ್ಟೆಯ ಹಾಗೆ ಹೊಂದಿಕೊಂಡುಬಿಟ್ಟಿತ್ತು. ನನಗೂ ಅಷ್ಟೇ ಅನ್ನಿ.

ಕಿವಿ ಯಾವಾಗ ಹೋಗಲು ಶುರುವಾಯಿತೋ ಅವಳಿಗೂ ತಿಳಿಯಲಿಲ್ಲ. ಇಂಥ ಗದ್ದಲದಲ್ಲಿ ಸಣ್ಣ ಸದ್ದುಗಳೇ ಮೊದಲು ಹೋಗುತ್ತವಂತೆ. ಒಂದು ದಿನ ಅವಳು ಸುಲಿದು ಕೊಟ್ಟ ತುದಿಯಲ್ಲಿ ತಂತಿ ಕೆರೆದು ಹೊಳೆಯುತ್ತಿತ್ತು. ನಾನು ಅದನ್ನು ಅವಳ ಮುಂದೆ ಹಿಡಿದೆ.

"ಅಕ್ಕಾ, ಕಿವಿ ತೋರಿಸ್ಕೋ."

"ನನ್ನ ಕಿವಿ ನೆಟ್ಟಗಿದೆ ತಮ್ಮಾ, ನಿನ್ನ ಬಾಯಿನೇ ಸರಿ ಇಲ್ಲ, ಗುಳುಗುಳು ಅಂತೀಯ" ಎಂದಳು. ಆಮೇಲೆ ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಓನರ್‌ಗೆ ಹೇಳಬೇಡ ಕಣೋ. ಈ ಮಷೀನ್ ಬಿಟ್ಟು ನನಗೆ ಬೇರೆ ಏನು ಗೊತ್ತು? ಮನೇಲಿ ಕೂತು ಗೋಡೆ ನೋಡ್ಲಾ?" ಎಂದಳು. ದನಿ ತಗ್ಗಿಸಿದ್ದೇನೆ ಎಂದು ಅವಳು ಅಂದುಕೊಂಡಿದ್ದಳು ಅಷ್ಟೇ. ಓನರ್ ಹೊರಗೆ ಹೋಗಿದ್ದು ನಮ್ಮ ಪುಣ್ಯ.

ಅವತ್ತಿನಿಂದ ನಾವೊಂದು ಉಪಾಯ ಮಾಡಿದೆವು. ನನ್ನ ಮಷೀನು ಅವಳದಕ್ಕೆ ಎದುರಾಗಿದೆ. ಚುರ್ ಎಂದಾಗ ನಾನು ಗದ್ದ ಮೇಲೆತ್ತಬೇಕು, ಅವಳು ಓರೆಗಣ್ಣಿನಲ್ಲಿ ನೋಡಿ ಕೈ ಎತ್ತಬೇಕು. ಕಿವಿ ನನ್ನದು, ಕೈ ಅವಳದು. ದಿನವಿಡೀ ಗದ್ದ ಎತ್ತಿ ಎತ್ತಿ ನನಗೆ ಕತ್ತು ಹಿಡಿದುಕೊಂಡಿತು. "ಏನೋ, ಎಲ್ಲದಕ್ಕೂ ತಲೆ ಆಡಿಸ್ತೀಯ?" ಎಂದು ಓನರ್ ರೇಗಿಸುತ್ತಿದ್ದ. ಸುಳಿವು ಮಾತ್ರ ಅವನಿಗೆ ಹತ್ತಲಿಲ್ಲ.

ಅಂಗಡಿಯಲ್ಲೇನೋ ಬಚ್ಚಿಟ್ಟೆವು. ಮನೆಯಲ್ಲಿ ನಾನೆಲ್ಲಿ ಗದ್ದ ಎತ್ತಲಿ? ಒಂದು ಮಧ್ಯಾಹ್ನ ಅವಳ ಮಗಳು ಬಂದು ನನ್ನನ್ನು ಬಾಗಿಲಿನ ಹೊರಗೆ ಕರೆದಳು.

"ಮಾವ, ಅಮ್ಮನಿಗೆ ನೀವಾದ್ರೂ ಬುದ್ಧಿ ಹೇಳಿ. ನಮ್ಮನೆಯವರು ಎದುರಿಗೆ ಸಿಕ್ಕಿ 'ಅತ್ತೆ, ಅತ್ತೆ' ಅಂತ ಕರೆದ್ರೂ ತಿರುಗಿ ನೋಡಲ್ವಂತೆ. ಬಸ್ ಸ್ಟಾಪಲ್ಲಿ ಎಲ್ಲರ ಮುಂದೆ ಅವಮಾನ ಆಯ್ತಂತೆ. ಅಳಿಯ ಇಷ್ಟ ಇಲ್ಲ ಅಂದ್ರೆ ಮದುವೆ ಯಾಕೆ ಮಾಡಿಕೊಟ್ರು? ಇನ್ನು ನಿಮ್ಮಮ್ಮನ ಮನೆ ಮೆಟ್ಟಿಲು ಹತ್ತಲ್ಲ ಅಂತಿದ್ದಾರೆ."

ಅಕ್ಕನಿಗೆ ಕೊಟ್ಟ ಮಾತು ನೆನೆದು, ವಿಚಾರಿಸುತ್ತೇನೆ ಎಂದಷ್ಟೇ ಹೇಳಿ ಕಳಿಸಿದೆ. ಒಳಗೆ ಹೋಗಿ ಅಕ್ಕನಿಗೆ ಹೇಳಿದೆ, ಮಗಳಿಗಾದರೂ ನಿಜ ಹೇಳಿಬಿಡು ಎಂದೆ. "ಮಗಳಿಗೆ ಹೇಳಿದ್ರೆ ಅಳಿಯನಿಗೆ ಹೇಳ್ತಾಳೆ, ಅವರಿಗೂ ನಮ್ಮ ಓನರ್‌ಗೂ ದಿನಾ ಮಾತಿದೆ" ಎಂದಳು. ಮುಖ ಒರೆಸಿಕೊಂಡು ಮುಂದಿನ ಪೈಪು ಎತ್ತಿಕೊಂಡಳು. ನನಗೆ ಸಂಕಟವಾಯಿತು, ಸಿಟ್ಟೂ ಬಂತು.

ಅಳಿಯ ಮಣ್ಣು ಅಗೆಯುವ ಯಂತ್ರದ ಡ್ರೈವರು. ಅವನ ಯಂತ್ರದ್ದೇ ಪೈಪು ಒಡೆದು, ಹಳೆಯದನ್ನು ಹೆಗಲ ಮೇಲೆ ಹಾಕಿಕೊಂಡು ಅವನು ಅಂಗಡಿಗೆ ಬಂದ ದಿನ ನಾನು ಹೊಸ ಸುರುಳಿ ಇಳಿಸಲು ಅಟ್ಟ ಹತ್ತಿದ್ದೆ. ಕೆಲಸ ನಿಂತಿದೆ, ಬೇಗ ಬೇಗ ಎಂದು ಅವನು ಓನರ್‌ನ ತಲೆ ತಿಂದ. ಓನರ್ ಅಕ್ಕನ ತಲೆ ತಿಂದ. ನಾನು ಅಟ್ಟದಿಂದ ಇಳಿಯುವವರೆಗೆ ತಡೆಯಿರಿ ಎಂದು ಅವಳು ಅಂದರೆ, ಯಾಕೆ ಎಂದು ಕೇಳುತ್ತಾರಲ್ಲ? ಅಲ್ಲದೆ, ಮುನಿಸಿಕೊಂಡ ಅಳಿಯ ಎದುರಿಗೆ ನಿಂತಿದ್ದಾನೆ, ಒಮ್ಮೆಯಾದರೂ ಅವನ ಕೆಲಸ ಚಕಚಕ ಮಾಡಿಕೊಡೋಣ ಎಂದೂ ಅವಳಿಗೆ ಅನಿಸಿತಂತೆ. ಎರಡೂ ತುದಿ ತಾನೇ ಸುಲಿದಳು. ಓನರ್ ಅವಸರದಲ್ಲಿ ತುದಿ ನೋಡದೆ ತಾನೇ ಕ್ರಿಂಪ್ ಮಾಡಿದ.

ನಾನು ಕೆಳಗಿಳಿಯುವಾಗ ಒತ್ತಡದ ಪರೀಕ್ಷೆ ಮುಗಿದಿತ್ತು. ಪೈಪು ಒಂದು ತೊಟ್ಟೂ ಸೋರಿರಲಿಲ್ಲ. ಅಳಿಯ ಅದನ್ನು ಹೆಗಲಿಗೇರಿಸಿ, "ಬರ್ತೀನಿ ಅತ್ತೆ" ಎಂದ. ಅವಳು ಬಗ್ಗಿಕೊಂಡಿದ್ದಳು, ತಿರುಗಲಿಲ್ಲ. ಅವನು ಮುಖ ಗಂಟಿಕ್ಕಿದ.

ಅವಳು ನೋಡುತ್ತಿದ್ದದ್ದು ಮಷೀನಿನ ಕೆಳಗಿನ ರಬ್ಬರಿನ ಪುಡಿಯನ್ನು. ಬೆರಳಲ್ಲಿ ಒತ್ತಿ ಮೇಲೆತ್ತಿದಳು. ಕಪ್ಪು ಪುಡಿಯ ನಡುವೆ ಉಕ್ಕಿನ ಸಣ್ಣ ಚೂರುಗಳು ಮಿಣಮಿಣ ಎನ್ನುತ್ತಿದ್ದವು. ನನ್ನ ಮುಖ ನೋಡಿದಳು. ಟೋಪಿ ಅಮುಕಿದ ಮೇಲೆ ಒಳಗಿನ ತಂತಿ ಯಾರ ಕಣ್ಣಿಗೂ ಬೀಳುವುದಿಲ್ಲ. ಪರೀಕ್ಷೆಯೂ ಪಾಸಾಗಿದೆ. ಅವಳು ಸುಮ್ಮನಿದ್ದರೆ ಮಷೀನು ಅವಳದೇ.

ಅವಳು ಓಡಿಹೋಗಿ ಅಳಿಯನ ಹೆಗಲಿಂದ ಪೈಪು ಎಳೆದುಕೊಂಡಳು. "ಅತ್ತೆ, ಏನಿದು, ಟೆಸ್ಟ್ ಆಗಿದೆಯಲ್ಲ!" ಎಂದು ಅವನು ಅನ್ನುವಷ್ಟರಲ್ಲಿ ಕತ್ತರಿಸುವ ಚಕ್ರಕ್ಕೆ ಕೊಟ್ಟು ಎರಡೂ ತುದಿಗಳನ್ನು ತುಂಡರಿಸಿಬಿಟ್ಟಳು. ಪೈಪು ಅವನ ಯಂತ್ರಕ್ಕೆ ಸಾಲದಷ್ಟು ಗಿಡ್ಡವಾಯಿತು.

"ತಲೆ ಕೆಟ್ಟಿದ್ಯಾ ನಿನಗೆ?" ಎಂದು ಓನರ್ ಕೂಗಿದ.

"ತಲೆ ಕೆಟ್ಟಿಲ್ಲ, ಕಿವಿ ಹೋಗಿದೆ" ಎಂದಳು ಅಕ್ಕ. "ಅಲಗು ತಂತಿ ಕೆರೆದಿದ್ದು ನನಗೆ ಕೇಳಿಸಲಿಲ್ಲ. ಈ ಪೈಪ್ ಇವರ ಮುಖದ ಪಕ್ಕದಲ್ಲೇ ಓಡುತ್ತೆ. ಇವತ್ತು ತಡೆಯುತ್ತೆ, ನಾಳೆ ತಡೆಯುತ್ತೆ. ಆಮೇಲೆ ನನ್ನ ಮಗಳಿಗೆ ನಾನು ಏನು ಹೇಳ್ಲಿ?"

ಓನರ್ ಕೆಟ್ಟವನಲ್ಲ, ಆದರೂ ಹೇಳಬೇಕಾದದ್ದನ್ನು ಹೇಳಿದ: ಇನ್ನು ಆ ಮಷೀನಿನ ಹತ್ತಿರ ಹೋಗಬೇಡ, ಪೈಪಿನ ಒಳಗಿನ ಧೂಳು ಊದಿ ಮುಚ್ಚಳ ಹಾಕುವ ಕೆಲಸ ಮಾಡು. ನೆಲ ನೋಡಿಕೊಂಡೇ ಹೇಳಿದ್ದರಿಂದ ಅವಳಿಗೆ ಒಂದು ಮಾತೂ ತಿಳಿಯಲಿಲ್ಲ. ನಾನೇ ಅವಳ ಎದುರಿಗೆ ನಿಂತು, ತುಟಿ ಕಾಣುವಂತೆ ಬಿಡಿಸಿ ಬಿಡಿಸಿ ಹೇಳಬೇಕಾಯಿತು. ನನ್ನ ಜನ್ಮದಲ್ಲಿ ಅಷ್ಟು ಭಾರದ ಮಾತು ಆಡಿಲ್ಲ. ಅವಳು ಏಪ್ರನ್ನು ಬಿಚ್ಚಿ ನನ್ನ ಕೈಗಿಟ್ಟು, ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಳು. ಹೊಸ ಪೈಪನ್ನು ನಾನು ಸುಲಿದೆ. ಪಳಗದ ಕೈ, ಬೆವರು ಕಿತ್ತುಕೊಂಡು ಬಂತು.

ಅಳಿಯ ಈಗ ಅವಸರ ಮಾಡಲಿಲ್ಲ. ಹೋಗಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ.

"ಹಾಗಾದ್ರೆ ಬಸ್ ಸ್ಟಾಪಲ್ಲಿ ನಾನು ಕರೆದಿದ್ದು ನಿಮಗೆ ಕೇಳಿಸಲೇ ಇಲ್ವಾ?"

ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು. "ನಿಮಗೆ ಬೇಜಾರು ಅಂತ ಮಗಳು ಹೇಳಿದ್ಲು" ಎಂದಳು. "ನೀವು ಕರೆದಿದ್ದು ಮಾತ್ರ ನನಗೆ ಒಂದು ಸಲಾನೂ ಕೇಳಿಲ್ಲ. ಏನಂತ ಕರೀತಿದ್ರಿ?"

ಅವನು ನಿಧಾನವಾಗಿ, ಅವಳಿಗೆ ಕಾಣುವ ಹಾಗೆ ಬಾಯಿ ತೆರೆದು ಹೇಳಿದ. "ಅತ್ತೆ."

"ಹ್ಞಾಂ" ಎಂದಳು ಸಿಪ್ಪೆಯಕ್ಕ. "ಹೇಳಿ."