ಸೊಸೆಯ ಎಡಗೈ

ರೊಟ್ಟಿ ತಟ್ಟುವಾಗ ಸವಿತಾಳ ಎಡಗೈ ನಿಂತುಬಿಟ್ಟಿತು. ಹಿಟ್ಟಿನ ಮೇಲೆ ಕೈ ಇಟ್ಟಳು, ಒತ್ತಲಿಲ್ಲ. ಮಣಿಕಟ್ಟು ಊದಿತ್ತು.

"ಏನಾಗ್ಯಾದ?" ಎಂದೆ.

"ಟ್ಯಾಂಕರ್ ಹತ್ರ ಬಿದ್ದೀನ್ರಿ ಅತ್ತಿ."

ನಂಬಿದೆ. ಮೇಲಿಂದ ಮೇಲೆ ಮಳೆ ಕೈಕೊಟ್ಟ ವರ್ಷಗಳು ಅವು. ಭಾಲ್ಕಿಯ ನಮ್ಮ ಓಣಿಗೆ ನೀರಿನ ಟ್ಯಾಂಕರ್ ಬಂತೆಂದರೆ ಕೊಡ ಹಿಡಿದವರೆಲ್ಲ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ನನ್ನ ಮಗ ರಾಜು ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಹೋಗಿದ್ದ. ಯುಗಾದಿಗೆ ಬಂದು ಮೂರು ದಿನ ಇದ್ದು, ಹಿಂದಿನ ದಿನವಷ್ಟೇ ರೈಲು ಹತ್ತಿದ್ದ. ಇವೆರಡನ್ನೂ ಜೋಡಿಸಿ ನೋಡಬೇಕೆಂದು ನನಗೆ ಹೊಳೆಯಲಿಲ್ಲ.

ಅರಿಸಿನ, ಸುಣ್ಣ ಕಲಸಿ ಪಟ್ಟು ಹಾಕಿದೆ. ಹದಿನೈದು ದಿನವಾದರೂ ಬಾವು ಇಳಿಯಲಿಲ್ಲ. ನನ್ನ ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಮನೆಯೂ ಮುಂದಿನ ಬಳೆ ಅಂಗಡಿಯೂ ನನ್ನ ಹೆಸರಿನಲ್ಲಿವೆ. ಅಂಗಡಿಗೆ ಬೀಗ ಹಾಕಿ, ಸವಿತಾಳನ್ನು ಕರೆದುಕೊಂಡು ಬೀದರಿನ ಬಸ್ಸು ಹತ್ತಿದೆ.

ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರ್ ಇದ್ದರು. "ಹ್ಯಾಂಗ ಆತು?" ಎಂದು ಸವಿತಾಳನ್ನು ಕೇಳಿದರು. "ಬಿದ್ದಾಳ್ರಿ ಮೇಡಮ್," ಎಂದು ನಾನು ಹೇಳಿದೆ. ಎಲ್ಲರ ಪರವಾಗಿ ಮಾತಾಡುವುದು ನನ್ನ ಚಟ. ಅಂಗಡಿ ನಡೆಸುವವರಿಗೆ ಬಾಯಿ ಸುಮ್ಮನಿರುವುದಿಲ್ಲ.

ಎಕ್ಸ್‌ರೇ ಕೋಣೆಯಲ್ಲಿ ಟೆಕ್ನಿಷಿಯನ್, "ಬಳಿ ತಗೀರಿ ಅಮ್ಮಾ," ಎಂದ. ನಾನು ಜಗಳಕ್ಕೆ ನಿಂತೆ. ಮುತ್ತೈದೆಯ ಕೈ ಒಂದು ಗಳಿಗೆಯೂ ಬರಿದಾಗಿರಬಾರದು ಎಂದು ನನಗೆ ಕಲಿಸಿದ್ದರು, ನಾನು ಊರಿಗೇ ಕಲಿಸಿದ್ದೆ.

"ಅಕಿ ಗಂಡ, ನನ್ನ ಮಗ, ಗಟ್ಟಿಮುಟ್ಟ ಇದ್ದಾನ. ಯಾಕ ತಗೀಬೇಕ?"

"ನಿಮ್ಮ ಮಗನಿಗಿ ಏನೂ ಆಗಂಗಿಲ್ರಿ. ಬಳಿ ಇದ್ರ ಎಲುಬು ನೆಟ್ಟಗ ಕಾಣಂಗಿಲ್ಲ."

ಸೋಪು ತರಿಸಿ, ಒಂದೊಂದಾಗಿ ನಾನೇ ತೆಗೆದೆ. ಮಣಿಕಟ್ಟಿನ ಒಳಮೈ ಮೇಲಾಯಿತು. ಗಾಯದ ಗೆರೆಗಳು ಸಾಲಾಗಿದ್ದವು. ಕೆಲವು ಹೊಸವು, ಕೆಲವು ಮಾಸಿದವು.

ಮೂವತ್ತು ವರ್ಷ ಬಳೆ ತೊಡಿಸಿದ್ದೇನೆ. ಪಾತ್ರೆ ತಿಕ್ಕುವಾಗ ಒಡೆದರೆ ಒಂದೋ ಎರಡೋ ಬಳೆ. ಗಾಯವಾದರೂ ಗೆರೆ ಒಂದೇ. ಯಾರಾದರೂ ಕೈಯನ್ನು ಬಿಗಿಯಾಗಿ ಹಿಡಿದು ತಿರುವಿದರೆ ಮಾತ್ರ ಎಲ್ಲ ಬಳೆ ಒಮ್ಮೆಲೇ ಚೂರಾಗಿ ಹೀಗೆ ಸಾಲಾಗಿ ನಾಟುತ್ತವೆ. ಅಂಥ ಕೈಗಳು ನನ್ನ ಅಂಗಡಿಗೆ ಎಷ್ಟೋ ಬಂದಿವೆ. ಏನೂ ಕೇಳದೆ ಹೊಸ ಬಳೆ ತೊಡಿಸಿ ಕಳಿಸಿದ್ದೇನೆ. ರಾಜು ಬಂದು ಹೋದಾಗೆಲ್ಲ ಸವಿತಾಳಿಗೂ ಡಜನ್ ಬಳೆ ಬೇಕಾಗುತ್ತಿತ್ತು. "ಸೊಸಿಗೇ ಸಾಲಂಗಿಲ್ಲ, ಗಿರಾಕಿಗಿ ಏನ ಕೊಡ್ಲಿ," ಎಂದು ನಗುತ್ತ ತೊಡಿಸುತ್ತಿದ್ದೆ. ಆ ಗೆರೆಗಳು ಆಗಲೂ ನನ್ನ ಕಣ್ಣಿಗೆ ಬಿದ್ದಿದ್ದವು. ಬೇರೆ ಮನೆಯ ಕೈಯಾಗಿದ್ದರೆ ತಕ್ಷಣ ತಿಳಿಯುತ್ತಿತ್ತು, ನನ್ನ ಮನೆಯದಾದ್ದರಿಂದ ತಿಳಿದುಕೊಳ್ಳಲಿಲ್ಲ.

ನನ್ನ ಮಗ.

ಡಾಕ್ಟರ್ ಫಿಲ್ಮ್ ಹಿಡಿದು ತೋರಿಸಿದರು. "ಇದು ಈಗಿನ ಫ್ರ್ಯಾಕ್ಚರ್. ಇಲ್ಲಿ ಹಳೇದು ಒಂದು ಸೊಟ್ಟ ಕೂಡ್ಯಾದ. ನೀವು ಸ್ವಲ್ಪ ಹೊರಗ ಕೂಡ್ರಿ, ಅಕಿ ಜೋಡಿ ಮಾತಾಡ್ತೇನಿ."

ಹೊರಗೆ ಬೆಂಚಿನ ಮೇಲೆ ಕುಳಿತೆ. ಮೊದಲು ಬಂದದ್ದು ಸಿಟ್ಟು, ಅದೂ ಸವಿತಾಳ ಮೇಲೆ. ನನಗೊಂದು ಮಾತು ಹೇಳಬಾರದಿತ್ತೇ ಎಂದು. ಆಮೇಲೆ ಯೋಚಿಸಿದೆ, ಯಾರಿಗೆ ಹೇಳಬೇಕಿತ್ತು? ಔರಾದಿನ ಅವಳ ತವರುಮನೆಗೆ ಬೀಗ. ಅಪ್ಪ, ಅವ್ವ, ತಮ್ಮ ಎಲ್ಲರೂ ಕೂಲಿಗೆಂದು ಪುಣೆಯ ಕಡೆ ಹೋಗಿದ್ದರು. ಮನೆಯಲ್ಲಿ ಉಳಿದವಳು ನಾನೊಬ್ಬಳು, ನಾನು ಅವನ ತಾಯಿ. ನಾಚಿಕೆಯಿಂದ ಮೈಯೆಲ್ಲ ಸುಟ್ಟಂತಾಯಿತು.

ಬಾಗಿಲು ತಳ್ಳಿ ಒಳಗೆ ಹೋದೆ.

"ಮೇಡಮ್, ಅಕಿ ಬಿದ್ದಿಲ್ರಿ. ನನ್ನ ಮಗ ಕೈ ತಿರುವ್ಯಾನ."

ಅಲ್ಲಿಯವರೆಗೆ ಬಾಯಿ ಬಿಡದಿದ್ದ ಸವಿತಾ ಆಗ ಅತ್ತಳು.

ಡಾಕ್ಟರ್ ಅವಳನ್ನು ಕೇಳಿಯೇ ಎಲ್ಲವನ್ನೂ ಕೇಸ್ ಪೇಪರಿನಲ್ಲಿ ಬರೆದರು. ಪ್ಲಾಸ್ಟರ್ ಹಾಕಿಸಿ, ಅದೇ ಆವರಣದಲ್ಲಿದ್ದ ಹೆಣ್ಣುಮಕ್ಕಳ ನೆರವು ಕೇಂದ್ರಕ್ಕೆ ಆಯಾ ಜೊತೆ ಕಳಿಸಿದರು. ಹಿಂದೆ ಆಸ್ಪತ್ರೆಗೆ ಬಂದಾಗ ಆ ಕೇಂದ್ರದ ಬೋರ್ಡಿನ ಕೆಳಗೆ ನಾನು ಎಷ್ಟು ಸಲ ನೆರಳಿಗೆ ನಿಂತಿದ್ದೆನೋ. ಓದಿರಲಿಲ್ಲ. ಅಂದು ಒಳಗೆ ಕಾಲಿಡುವಾಗ ಪೊಲೀಸರು ಬರುತ್ತಾರೆ, ಓಣಿಯ ತುಂಬ ಸುದ್ದಿಯಾಗುತ್ತದೆ ಎಂದುಕೊಂಡಿದ್ದೆ. ಅಲ್ಲಿ ಇದ್ದದ್ದು ಒಬ್ಬ ಕೌನ್ಸೆಲರ್, ಎರಡು ಕುರ್ಚಿ, ಮುಚ್ಚಿಕೊಳ್ಳುವ ಬಾಗಿಲು. ವಕೀಲರು ಬೇಕಾದರೆ ಪುಕ್ಕಟೆ ಸಿಗುತ್ತಾರೆ, ರಕ್ಷಣಾಧಿಕಾರಿ ಅರ್ಜಿ ಬರೆದುಕೊಳ್ಳುತ್ತಾರೆ, ಕೆಲವು ದಿನ ಇರಲು ಜಾಗವಿದೆ ಎಂದು ಬಿಡಿಸಿ ಹೇಳಿದರು.

"ಕೇಸ್ ಹಾಕೋದು ಬಿಡೋದು ನಿನ್ನ ಇಚ್ಛಾ. ಎಲ್ಲಿ ಇದ್ರ ನಿನಗ ಅಂಜಿಕಿ ಇರಂಗಿಲ್ಲ, ಮೊದಲ ಅದು ಹೇಳು ತಂಗಿ."

"ಅತ್ತಿ ಮನ್ಯಾಗೇ ಇರ್ತೇನ್ರಿ. ಅವರು ಬರಬಾರದು."

ಕೌನ್ಸೆಲರ್ ನನ್ನ ಕಡೆ ತಿರುಗಿದರು. "ಕಾಯ್ದೆದಾಗ ಅದಕ್ಕ ದಾರಿ ಅದ. ಆದ್ರ ಆದೇಶ ಬರೋತನಕ ನೀವೇ ನಿಲ್ಲಬೇಕು. ಮಗನಿಗಿ ಬಾಗಿಲದಾಗ ತಡೀತೀರೇನ್ರಿ?"

"ಹೂಂ" ಎಂದೆ.

ಈಗ ಪ್ಲಾಸ್ಟರ್ ಬಿಚ್ಚಿದ್ದಾರೆ. ವಾರಕ್ಕೆರಡು ದಿನ ಫಿಸಿಯೋಥೆರಪಿ. ಕೈ ಪೂರ್ತಿ ತಿರುಗುವುದಿಲ್ಲ, ತಿರುಗದೆಯೂ ಇರಬಹುದು ಎಂದು ಡಾಕ್ಟರ್ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಅರ್ಜಿ ಕೋರ್ಟಿನಲ್ಲಿದೆ. ಓಣಿಯಲ್ಲಿ ನನ್ನನ್ನು ಕೆಲವರು ಹೊಗಳುತ್ತಾರೆ, ಕೆಲವರು ಹೆತ್ತ ಮಗನನ್ನೇ ಬಿಟ್ಟವಳೆಂದು ಅಂಗಡಿಗೆ ಬರುವುದನ್ನು ನಿಲ್ಲಿಸಿದ್ದಾರೆ. ಹೊಗಳುವವರಿಗೆ ಗೊತ್ತಿಲ್ಲ, ನಾನು ಬಹಳ ತಡಮಾಡಿದೆ.

ರಾಜು ಬಂದ ದಿನದ ಮಾತನ್ನು ಇಷ್ಟು ಹೊತ್ತು ಮುಂದೂಡಿದೆ. ಅದನ್ನು ಹೇಳದಿದ್ದರೆ ಇದು ಪೂರ್ತಿಯಾಗದು.

ಪ್ಲಾಸ್ಟರ್ ಹಾಕಿದ ಮೂರನೆಯ ವಾರ, ಮಧ್ಯಾಹ್ನ. ಸ್ಟೇಷನ್ನಿನಿಂದ ನಡೆದೇ ಬಂದಿದ್ದ. ಸೊರಗಿದ್ದ. ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟೆ.

"ಒಳಗ ಬರಬ್ಯಾಡ."

"ಅಕಿ ಏನ ಹೇಳ್ಯಾಳ ನಿನಗ?"

"ಅಕಿ ಏನೂ ಹೇಳಿಲ್ಲ. ನಾ ಎಕ್ಸ್‌ರೇ ನೋಡೇನಿ."

ಲೋಟ ಕೆಳಗಿಟ್ಟ. "ಬಿಸಲಾಗ ದುಡಿದು ದುಡಿದು ತಲಿ ಕೆಡ್ತದ ಅವ್ವಾ."

"ಮತ್ತ ದಿನಾ ಬೈಯೋ ಮೇಸ್ತ್ರಿ ಕೈ ಯಾಕ ತಿರುವಿಲ್ಲ? ಅವನ ಮುಂದ ತಲಿ ನೆಟ್ಟಗಿರ್ತದೇನ?"

ರಾಜು ಮುಖ ಮುಚ್ಚಿಕೊಂಡು ಅತ್ತ. ನಾನೂ ಅತ್ತೆ, ಹೆತ್ತ ಕರುಳು, ಅವನ ಬೆನ್ನು ಸವರಿದೆ. ಕೌನ್ಸೆಲರ್ ನಿನ್ನನ್ನೂ ಕರೆದಿದ್ದಾರೆ, ಹೋಗಿ ಮಾತಾಡು ಎಂದೆ. ಭಾತಂಬ್ರಾದ ಸೋದರಮಾವನ ಮನೆಗೆ ಕಳಿಸಿ, ಒಳಗೆ ಬಂದು ಚಿಲಕ ಹಾಕಿದೆ.

ಸವಿತಾ ಗೋಡೆಗೆ ಒರಗಿ ನಿಂತಿದ್ದಳು. ಚಾಪೆ ಹಾಸಿ, ಪ್ಲಾಸ್ಟರಿನ ಕೈಯನ್ನು ಹೊಟ್ಟೆಯ ಮೇಲಿಟ್ಟು, ಕಾಲು ಚಾಚಿ ಮಲಗಿದಳು. ಎರಡು ನಿಮಿಷಕ್ಕೆ ನಿದ್ದೆ. ಮದುವೆಯಾಗಿ ಬಂದು ಏಳು ವರ್ಷವಾಗಿತ್ತು. ಅವಳು ಹಗಲು ನಿದ್ದೆ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅಂಗಡಿಯ ಮುಂದೆ ಇಬ್ಬರು ಹೆಣ್ಣುಮಕ್ಕಳು ಬಂದು ಕೂಗಿದರು. ನಾನು ಕಿಟಕಿಯಿಂದಲೇ ಮೆತ್ತಗೆ ಹೇಳಿದೆ: "ನಾಳಿ ಬರ್ರಿ. ಸೊಸಿ ಮಲಗ್ಯಾಳ."