ಗಿರಣಿಯ ಮೊದಲ ಪಾಳಿ

ಗುಡಗೇರಿಯಲ್ಲಿ ಹನಮವ್ವನಷ್ಟು ನಿಯತ್ತಾಗಿ ಸೇಡು ತೀರಿಸಿಕೊಂಡವರು ಇನ್ನೊಬ್ಬರಿಲ್ಲ. ಹಾಗಂತ ಅವಳು ಯಾರ ಬಣವೆಗೂ ಬೆಂಕಿ ಇಡಲಿಲ್ಲ, ಯಾರ ಮೇಲೂ ಕೈ ಎತ್ತಲಿಲ್ಲ. ದಿನಾ ಬೆಳಿಗ್ಗೆ ಗಿರಣಿಗೆ ಹೋಗಿ ಜೋಳ ಬೀಸಿಸಿಕೊಂಡು ಬಂದಳು, ಅಷ್ಟೇ.

ತಮ್ಮ ಜಮೀನು ಉಳುವವರ ಪಾಲಾದ ಮೇಲೆ ಪಂಢರಿನಾಥರಾಯರು ಸ್ಟೇಶನ್ ರಸ್ತೆಯಲ್ಲಿ ಕರೆಂಟಿನ ಹಿಟ್ಟಿನ ಗಿರಣಿ ಹಾಕಿದ್ದರು, ಊರಿಗೆಲ್ಲ ಅದೊಂದೇ. ಗಿರಣಿಯ ಸ್ವಭಾವ ಗೊತ್ತಲ್ಲ, ಒಬ್ಬರ ಕಾಳು ಬೀಸಿದಾಗ ಕಲ್ಲಿನ ಸಂದಿಯಲ್ಲಿ ಹಿಡಿ ಹಿಟ್ಟು ಉಳಿದು ಮುಂದಿನವರ ಡಬ್ಬಿಗೆ ಇಳಿಯುತ್ತದೆ. ಹನಮವ್ವ ಊರು ಮುಟ್ಟಿಸಿಕೊಳ್ಳದ ಕೇರಿಯವಳು. ಅವಳ ಹಿಟ್ಟು ಮಡಿವಂತರ ಡಬ್ಬಿಗೆ ಇಳಿದರೆ ಗತಿಯೇನು? ರಾಯರು ಕೇರಿಯವರ ಕಾಳನ್ನು ಹೊಸ್ತಿಲು ದಾಟಿಸುತ್ತಿರಲಿಲ್ಲ. ಕೇರಿಯ ಹೆಂಗಸರು ಮನೆಯಲ್ಲೇ ಬೀಸುಕಲ್ಲು ತಿರುವುತ್ತಿದ್ದರು.

ಮಗಳು ರೇಣುಕವ್ವನ ಮದುವೆಗೆ ಒಂದು ಚೀಲ ಜೋಳ ಬೀಸುವುದಿತ್ತು. ಹನಮವ್ವ ಹೋಗಿ ಸೆರಗೊಡ್ಡಿದಳು.

"ಇದೊಂದ್ ಸಲ ಬೀಸಿ ಕೊಡ್ರಿ ದಣ್ಯಾರ. ಎಲ್ಲಾರ್ದು ಮುಗದ ಮ್ಯಾಲ ಬೀಸ್ರಿ."

"ಧರ್ಮ ಒಂದ ಸಲಕ್ಕ ಬ್ಯಾರೆ ಇರ್ತದೇನ? ಮನಿಯಾಗ ಬೀಸುಕಲ್ಲ ಅದ ಅಲ್ಲ. ನಿಮ್ಮ ಕೈಗೇನಾಗೇದ?" ಎಂದರು ರಾಯರು.

ಕೈಗೆ ಆಗುವುದೆಲ್ಲ ಆಯಿತು. ತಾಯಿ ಮಗಳು ಹಗಲು ರಾತ್ರಿ ಬೀಸಿದರು. ಅರಿಷಿಣ ಹಚ್ಚುವ ಹೊತ್ತಿಗೆ ಮದುಮಗಳ ಅಂಗೈ ತುಂಬ ಒಡೆದ ಬೊಬ್ಬೆಗಳು. ಅರಿಷಿಣ ತಾಗಿದ್ದೇ ಹುಡುಗಿ ಚಿಟ್ಟನೆ ಚೀರಿದಳು. ಬೀಗರು ನಕ್ಕರು. ಆ ಚೀರು ಹನಮವ್ವನ ಎದೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ಗಿರಣಿಯ ಎದುರು ಸೈಕಲ್ ಅಂಗಡಿ ಇಟ್ಟ ಫಕ್ರುಸಾಬ ಪೇಪರ್ ಓದುವ ಆಸಾಮಿ. "ಹೊಸಾ ಕಾಯ್ದೆ ಬಂದೈತಿ ಹನಮವ್ವಾ. ಅಂಗಡಿಕಾರ ಜಾತಿ ನೋಡಿ ಇಲ್ಲಾ ಅಂದ್ರ ಜೇಲು. ಸಾಕ್ಷಿಗೆ ನಾ ಅದೀನಿ," ಎಂದ. ಅವಳು ಮತ್ತೆ ಬುಟ್ಟಿ ಹೊತ್ತು ಹೋಗಿ, ಫಕ್ರುಸಾಬನ ಕಣ್ಣೆದುರೇ ರಾಯರಿಂದ ಇಲ್ಲ ಅನ್ನಿಸಿಕೊಂಡು, ನೆಟ್ಟಗೆ ಪೊಲೀಸ್ ಫೌಜದಾರರ ಹತ್ತಿರ ನಡೆದಳು.

ಕೇಸು ಬಿದ್ದ ಮೇಲೆ ರಾಯರು ರಾಜಿಗೆ ಜನ ಕಳಿಸಿದರು.

"ಈ ಕಾಯ್ದೆದಾಗ ರಾಜಿ ಇಲ್ಲಂತ್ರಿ," ಎಂದಳು ಹನಮವ್ವ. "ಇದ್ರೂ ನನ್ನ ಕಡೆ ಇಲ್ರಿ."

ಕೋರ್ಟಿನಲ್ಲಿ ರಾಯರ ವಕೀಲರು ಗಂಟಲು ಹರಿದುಕೊಂಡರು. ಗಿರಣಿ ರಾಯರದು, ಮಡಿ ರಾಯರದು, ತಮ್ಮ ಧರ್ಮ ತಾವು ಪಾಲಿಸಬಾರದೆ? ರಾಯರದು ಕಳ್ಳ ಮಡಿಯಲ್ಲ, ಮನಸಾರೆ ನಂಬಿದ್ದರು. ಅದನ್ನು ಹನಮವ್ವನೂ ಬಲ್ಲಳು. ಮ್ಯಾಜಿಸ್ಟ್ರೇಟರು ಎಲ್ಲ ಕೇಳಿ, "ದೇವರ ಮನೆಯಲ್ಲಿ ಮಡಿ ನಿಮ್ಮದು. ಊರಿಗೆಂದು ತೆರೆದ ಬಾಗಿಲಲ್ಲಿ ಕಾಯ್ದೆ ಸರಕಾರದ್ದು," ಎಂದು ತಿಂಗಳ ಸಜೆ, ಮೇಲೆ ದಂಡ ಹಾಕಿದರು.

ರಾಯರು ಜೇಲಿನಿಂದ ಬಂದು ಗಿರಣಿ ತೆರೆದ ದಿನ ಬಾಗಿಲಲ್ಲೇ ಹನಮವ್ವ. ಮೊದಲ ಪಾಳಿ ಅವಳದು. ಮರುದಿನವೂ ಅವಳದೇ. ಮನೆಯಲ್ಲಿ ಜೋಳ ಇಲ್ಲದ ದಿನ ಓಣಿಯಲ್ಲಿ ಕಡ ತಂದು ಬೀಸಿಸಿದಳು. ಅವಳ ಬೆನ್ನಿಗೆ ಬಂದ ಮಡಿವಂತರ ಡಬ್ಬಿಗೆ ಅವಳ ಹಿಟ್ಟು ಇಳಿಯುವುದನ್ನು ನಿಂತು ನೋಡಿಯೇ ಮನೆಗೆ ಹೋಗುತ್ತಿದ್ದಳು.

"ಗೆದ್ದಿ ಅಲ್ಲವಾ, ಸಾಕ್ ಬಿಡು," ಎಂದ ಫಕ್ರುಸಾಬ.

"ಚೀರಿದ್ದು ನಿನ್ನ ಮಗಳಲ್ಲ," ಎಂದಳು.

ರಾಯರ ಹಟ ಅದಕ್ಕಿಂತ ಒಂದು ಕೈ ಮೇಲು. ಕಾಯ್ದೆಗೆ ಹೆದರಿ ಬೀಸಿಕೊಡುತ್ತಿದ್ದರು. ಆದರೆ ಅವಳ ಕಾಳು ಬಿದ್ದ ಕಲ್ಲಿನ ಹಿಟ್ಟು ತಮ್ಮ ಮನೆಗೆ ಬರಕೂಡದೆಂದು ಕಟ್ಟಪ್ಪಣೆ ಮಾಡಿದರು. ಹಾಗಾಗಿ ಗಿರಣಿಯ ಒಡೆಯನ ಮನೆಯಲ್ಲೇ ಅಟ್ಟದ ಬೀಸುಕಲ್ಲು ಕೆಳಗಿಳಿಯಿತು.

ಒಂದು ಬೆಳಿಗ್ಗೆ ರಾಯರ ಹೆಂಡತಿ ದ್ವಾರಕಾಬಾಯಿ ಗಿರಣಿಯ ಬಾಗಿಲಿಗೆ ಬಂದು ಹನಮವ್ವನ ಮುಂದೆ ಎರಡೂ ಅಂಗೈ ಚಾಚಿದರು. ಬೊಬ್ಬೆ ಎದ್ದು ಒಡೆದಿದ್ದವು.

"ನೀ ಬರೂದು ಬಿಟ್ರ ಗಿರಣಿ ಕಲ್ಲು ಬದಲ ಮಾಡ್ತೀನಿ ಅಂತಾರ ನಮ್ಮನಿಯವರು. ನಿನ್ನ ಜೋಳ ನಾನ ಕುಂದಗೋಳಕ್ಕ ಕಳಿಸಿ ಬೀಸಿಸಿ ಕೊಡ್ತೀನಿ. ನನ್ನ ಕೈ ನೋಡವಾ, ಹೆಣ್ಣಮಗಳಿದ್ದಿ."

ಹನಮವ್ವ ನೋಡಿದಳು. ಬೆರಳುಗಳ ಬುಡದಲ್ಲಿ, ಮಗಳಿಗೆ ಆಗಿದ್ದ ಜಾಗದಲ್ಲೇ ಆಗಿತ್ತು. ಕನಿಕರ ಬಂದೀತೇನೋ ಎಂದು ಅವಳಿಗೇ ಅಂಜಿಕೆಯಾಯಿತು. ಬರಲಿಲ್ಲ.

"ಅರಿಷಿಣ ಹಚ್ಚ್ರಿ ಬಾಯಾರ," ಎಂದಳು. "ಉರಿತೈತಿ. ನನ್ನ ಮಗಳು ತಡಕೊಂಡಾಳ."

ಆಮೇಲೆ ಬುಟ್ಟಿ ಎತ್ತಿ, ಮೊದಲ ಪಾಳಿಗೆ ಒಳಗೆ ಹೋದಳು.