ಅರ ಹಚ್ಚಿ ತಿಕ್ಕಿದ ಕಾರ್ಡು

ಆಗೆಲ್ಲ ಮನೆಗೆ ಕಂಪ್ಯೂಟರ್ ಬಂತೆಂದರೆ ಅವ್ವಂದಿರು ಹಳೆ ಸೀರೆ ಹರಿದು ಅದಕ್ಕೊಂದು ಮುಸುಕು ಹೊಲಿಯುತ್ತಿದ್ದರು. ನಮ್ಮವ್ವ ಹೊಲಿದದ್ದು ನೀಲಿ ಹೂವಿನದು. ನಿಮ್ಮ ಮನೆಯಲ್ಲೂ ಒಂದು ಇದ್ದಿರಬೇಕು. ವಿಶಾಖಪಟ್ಟಣದ ಪೆಂಡುರ್ತಿಯಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಹಾವೇರಿ ಕಡೆಯಿಂದ ಬಂದ ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್.

ನಾನು ಊರಲ್ಲಿ ಅಜ್ಜಿಯ ಹತ್ತಿರ ಉಳಿದು ತಡವಾಗಿ ಶಾಲೆ ಸೇರಿದವನು. ಇಲ್ಲಿಗೆ ಬಂದಮೇಲೆ ಭಾಷೆ ಬರುವುದಿಲ್ಲವೆಂದು ಇನ್ನೆರಡು ತರಗತಿ ಹಿಂದೆ ಹಾಕಿದರು. ಹದಿನೈದು ತುಂಬಿದಾಗ ನಾನಿನ್ನೂ ಏಳನೆಯ ತರಗತಿ. ಪಕ್ಕ ಕೂತವರ ತಲೆ ನನ್ನ ಭುಜಕ್ಕೆ ಬರುತ್ತಿತ್ತು. ಆದರೆ ತೆಲುಗು ಬೀದಿಯಲ್ಲಿ ಆಡಿ ಆಡಿಯೇ ಬಂದುಬಿಟ್ಟಿತು. ಅಪ್ಪನಿಗೆ ಬರಲಿಲ್ಲ. ಬ್ಯಾಂಕಿಗೆ, ದವಾಖಾನೆಗೆ, ಎಲ್ಲಿಗೆ ಹೋದರೂ ನನ್ನನ್ನು ಕರೆದೊಯ್ಯುತ್ತಿದ್ದ. ಎದುರಿನವರು ಮಾತು ಮುಗಿಸಿದ ಕೂಡಲೇ ನನ್ನ ಕಡೆ ಬಗ್ಗಿ, "ಏನಂತಾನ?" ಅನ್ನುತ್ತಿದ್ದ. ಶಾಲೆಯಲ್ಲಿ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಅಪ್ಪನ ಆ ಒಂದು ಮಾತಿಗೆ ನಾನು ಉಬ್ಬಿಹೋಗುತ್ತಿದ್ದೆ.

ನಮ್ಮದು ಯಾರೋ ಬಳಸಿ ಬಿಟ್ಟ ಕಂಪ್ಯೂಟರ್, ಹದಿನೈದು ಇಂಚಿನ ಮಾನಿಟರ್. ಸಂಜೆ ಬೀದಿ ತುದಿಯ ಬಂಡಿಯಿಂದ ಬಿಸಿ ಪುನುಗುಲು ಬೋಂಡಾ ತಂದು, ಎಣ್ಣೆಗೈಯಲ್ಲೇ ಕಾರ್ ರೇಸಿನ ಆಟಕ್ಕೆ ಕೂರುತ್ತಿದ್ದೆ. ಕಾರು ತಿರುವಿಗೆ ಬಂದರೆ ಸಾಕು, ಚಿತ್ರ ತಡೆ ತಡೆದು ನಿಂತು, ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಕಾರು ಗೋಡೆಗೆ ಬಡಿದಿರುತ್ತಿತ್ತು. ಚಿತ್ರ ತಡೆಯದಂತೆ ಓಡಿಸುವ ಗ್ರಾಫಿಕ್ಸ್ ಕಾರ್ಡ್ ಬೇಕು ಅಂದೆ. ಏಳನೆಯದು ಪಾಸಾದರೆ ಬೋನಸ್ಸಿನಲ್ಲಿ ಕೊಡಿಸುತ್ತೇನೆ ಅಂದ ಅಪ್ಪ. ಪಾಸಾದೆ.

ಆ ಬೇಸಿಗೆ ನಾನು ಇಂಟರ್ನೆಟ್ ಅಂಗಡಿಯಲ್ಲಿ ಕೂತು, ಒಂದೇ ಇಂಗ್ಲಿಷ್ ಪುಟವನ್ನು ವಾರಗಟ್ಟಲೆ ಓದಿದೆ. ಕೊನೆಗೆ ತಿಳಿದದ್ದು ಇಷ್ಟು: ನಮ್ಮ ಮಾನಿಟರಿನಲ್ಲಿ ಅಡ್ಡಕ್ಕೆ ಸಾವಿರದ ಇಪ್ಪತ್ತನಾಲ್ಕು ಚುಕ್ಕಿ, ಮೇಲಿಂದ ಕೆಳಕ್ಕೆ ಏಳುನೂರ ಅರವತ್ತೆಂಟು. ಅಷ್ಟನ್ನು ಚುರುಕಾಗಿ ತುಂಬುವ ಸಣ್ಣ ಕಾರ್ಡ್ ಸಾಕು. ದೊಡ್ಡದು ದೊಡ್ಡ ಮಾನಿಟರಿನವರಿಗೆ. ದ್ವಾರಕಾ ನಗರದ ಅಂಗಡಿಯವನೂ ಅದನ್ನೇ ಹೇಳಿದ.

"ಈ ಮಾನಿಟರ್‌ಕಿ ಅದಿ ಚಾಲು ಬಾಬೂ," ಅಂದು, ನಮ್ಮ ಕಂಪ್ಯೂಟರಿನೊಳಗಿನ ಬೋರ್ಡು ಹಳೆಯದು, ಹೊಸ ದೊಡ್ಡ ಕಾರ್ಡು ಅದರ ಸೀಳಿನಲ್ಲಿ ಕೂರುವುದೇ ಇಲ್ಲ ಎಂದೂ ಸೇರಿಸಿದ.

"ಏನಂತಾನ?"

"ಸಣ್ಣದ ಸಾಕಂತ, ಅಪ್ಪಾ. ಅವ್ವ ಅಂಗಳಕ್ಕ ರಂಗೋಲಿ ಹಾಕ್ತಾಳಲ್ಲ, ಹಂಗ. ಅಂಗಳ ಸಣ್ಣದಿದ್ರ ಚುಕ್ಕಿನೂ ಕಮ್ಮಿ."

ಅಪ್ಪ ಅಂಗಡಿಯವನನ್ನು ನೋಡಿದ, ನನ್ನನ್ನು ನೋಡಿದ. "ಸಣ್ಣದು ತಗೋ ಅಂತ ಯಾವ ಅಂಗಡಿಯವ ಹೇಳ್ತಾನೋ? ನಿನಗ ತಿಳದಿಲ್ಲ. ನಡಿ."

ವಿಜಯವಾಡದ ಒನ್ ಟೌನ್ ಪೇಟೆಯಲ್ಲಿ ಗದಗ ಕಡೆಯವರೊಬ್ಬರ ಕಂಪ್ಯೂಟರ್ ಅಂಗಡಿ ಇದೆಯೆಂದು ಕಾರ್ಖಾನೆಯಲ್ಲಿ ಯಾರೋ ಹೇಳಿದ್ದರು. ಅವ್ವ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಅರ್ಧ ದಿನದ ರೈಲು. ಇಳಿದರೆ ಒಲೆಯ ಬಾಯಿಗೆ ಮುಖ ಒಡ್ಡಿದಂಥ ಬಿಸಿಲು.

"ಬರ್ರಿ ಸಾಹೇಬ್ರ, ನಮ್ಮ ಕಡೆಯವ್ರು ಅಂದ್ರಿ, ಮತ್ಯಾಕ ನಿಂತೀರಿ," ಅಂದ ಅಂಗಡಿಯವನು ಚಹಾ ತರಿಸಿದ. ಅಪ್ಪನ ಮುಖ ಅರಳಿತು. ಅಂಗಡಿಯ ಕೌಂಟರಿನ ಮುಂದೆ ನಿಂತು ನೇರ ತನ್ನ ಮಾತಿನಲ್ಲೇ ಮಾತಾಡಿ ಎಷ್ಟು ವರ್ಷವಾಗಿತ್ತೋ. ಮಳೆ, ಜೋಳ, ಯಾರದೋ ಲಗ್ನ, ಎಲ್ಲ ಆದವು. ನನ್ನ ಕಡೆ ಒಮ್ಮೆಯೂ ಬಗ್ಗಲಿಲ್ಲ. ಆಮೇಲೆ ಆತ ದೊಡ್ಡ ಕಾರ್ಡಿನ ಡಬ್ಬಿ ತೆಗೆದಿಟ್ಟ.

"ಅಪ್ಪಾ, ಇದು ನಮ್ಮ ಬೋರ್ಡಿಗೆ ಕೂಡಂಗಿಲ್ಲ," ಅಂದೆ.

ಅಂಗಡಿಯವನು ನಕ್ಕ. "ಎಷ್ಟನೇ ಕ್ಲಾಸ ಅದೀ ತಮ್ಮಾ?"

"ಏಳು ಮುಗೀತ್ರಿ."

"ಮೀಸಿ ಕಾಲೇಜಿಗೆ ಹೋಗೈತಿ, ಮಗ ಇನ್ನೂ ಏಳರಾಗ ಅದಾನ," ಅಂದ.

ಅಪ್ಪನೂ ನಕ್ಕ. ಚಹಾದ ಲೋಟ ಅಲುಗುವಷ್ಟು ನಕ್ಕ. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಆ ದೊಡ್ಡ ಕಾರ್ಡನ್ನೇ ಕೊಂಡು ಮನೆಗೆ ಬಂದು ನೋಡಿದರೆ ಅದು ಕೂರಲಿಲ್ಲ. ಸೀಳಿನ ಅಳತೆಯೇ ಬೇರೆ. ವಾಪಸು ಕೊಟ್ಟು ಬರೋಣ ಅಂದೆ. "ನಮ್ಮವ್ರಿಗೆ ಹೆಂಗ್ ಕೇಳೋದು," ಅಂದ ಅಪ್ಪ ಕೆಲಸದ ಚೀಲದಿಂದ ಅರ ತೆಗೆದ. ಇಪ್ಪತ್ತು ವರ್ಷ ಕಬ್ಬಿಣ ತಿಕ್ಕಿ ತಿಕ್ಕಿ ಒಂದಕ್ಕೊಂದು ಕೂಡಿಸಿದ ಕೈ. ಕೂರದ್ದನ್ನು ತಿಕ್ಕಿ ಕೂರಿಸುವುದೇ ಅವನ ವಿದ್ಯೆ.

"ಬ್ಯಾಡಪ್ಪಾ, ಅದರಾಗ ಸಣ್ಣ ಸಣ್ಣ ತಂತಿ ಇರ್ತಾವ."

"ಹಿಡಕೋ ಸುಮ್ನ."

ಹಿಡಿದುಕೊಂಡೆ. ಬಂಗಾರದ ಬಣ್ಣದ ಪುಡಿ ನನ್ನ ಹೆಬ್ಬೆರಳ ಮೇಲೆ ಬಿತ್ತು. ತಿಕ್ಕಿ, ಒತ್ತಿ, ಕೂರಿಸಿಯೇಬಿಟ್ಟ. ಗುಂಡಿ ಒತ್ತಿದಾಗ ಪಟ್ ಎಂದಿತು. ಸುಟ್ಟ ವಾಸನೆ ಮೂರು ದಿನ ಕೋಣೆ ಬಿಡಲಿಲ್ಲ. ಕಾರ್ಡೂ ಹೋಯಿತು, ಬೋರ್ಡೂ ಹೋಯಿತು. ಅಪ್ಪನ ಮೋರೆ ನೋಡಿ ನನಗೇ ಪಾಪ ಅನ್ನಿಸಿತು. ಅಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಮುಂದಿನ ಭಾನುವಾರ ಕಾರ್ಖಾನೆಯ ಕನ್ನಡದವರು ಮೂರ್ನಾಲ್ಕು ಮಂದಿ ಊಟಕ್ಕೆ ಬಂದರು. ಸತ್ತ ಕಂಪ್ಯೂಟರ್ ನೋಡಿ ಒಬ್ಬರು ಏನಾಯಿತೆಂದು ಕೇಳಿದರು.

"ಇವಂದ ಹಠ," ಅಂದ ಅಪ್ಪ, ನನ್ನತ್ತ ಗದ್ದ ತೋರಿಸಿ. "ದೊಡ್ಡದ ಬೇಕು ಅಂತ ಕುಂತ. ನಾ ಬ್ಯಾಡಂದೆ."

"ಓದಾಕ ಹಿಂದ, ಆಟಕ್ಕ ಮುಂದ," ಅಂದರು ಅವರು. ಎಲ್ಲರೂ ನಕ್ಕರು. ನಾನು ಅವ್ವನ ಕಡೆ ನೋಡಿದೆ. ಅವಳಿಗೆ ಎಲ್ಲ ಗೊತ್ತಿತ್ತು. ತಲೆ ಎತ್ತದೆ ಇನ್ನೊಂದು ರೊಟ್ಟಿ ಬಡಿದಳು.

ಎರಡು ದಿನದ ಮೇಲೆ ಬ್ಯಾಂಕಿನಲ್ಲಿ, ಕೌಂಟರಿನ ಆಚೆಯ ಮನುಷ್ಯ ಏನೋ ಉದ್ದಕ್ಕೆ ಹೇಳಿದ. ಅಪ್ಪ ನನ್ನ ಕಡೆ ಬಗ್ಗಿದ. "ಏನಂತಾನ?"

"ತಿಳೀಲಿಲ್ಲ," ಅಂದೆ.

ಅಪ್ಪ ನನ್ನ ಮುಖವನ್ನೇ ನೋಡಿದ. ತಿಳಿದಿದೆ ಎಂಬುದು ಅವನಿಗೂ ಗೊತ್ತಾಯಿತು. ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೊರಗೆ ನಡೆದ. ಅಂದಿನಿಂದ ನನ್ನನ್ನು ಎಲ್ಲಿಗೂ ಕರೆಯಲಿಲ್ಲ. ಕೈಸನ್ನೆ ಮಾಡಿಕೊಂಡು, ಹರಕು ತೆಲುಗಿನಲ್ಲಿ ತಪ್ಪು ಕಾಗದ ತುಂಬಿ ಬಂದು, ಹೇಗೋ ನಡೆಸಿದ. ಕನ್ನಡದಲ್ಲಿ ನಾವು ಉದ್ದಕ್ಕೆ ಮಾತಾಡಿದ್ದು ಆ ಬೇಸಿಗೆಯೇ ಕೊನೆ.

ಈಗಿನ ಕಾರ್ಡು, ಮಾನಿಟರು ಎಲ್ಲ ನನ್ನ ಮಕ್ಕಳ ಹತ್ತಿರ ಇವೆ. ಅವರಿಗೆ ಕನ್ನಡ ಬಾರದು. ಅಪ್ಪ ನಮ್ಮ ಜೊತೆಗೇ ಇದ್ದಾನೆ, ಕಿವಿ ಮಂದ. ಒಮ್ಮೊಮ್ಮೆ ಮೊಮ್ಮಕ್ಕಳನ್ನು ಪಕ್ಕ ಕೂರಿಸಿಕೊಂಡು ಊರಿನದೇನೋ ಹೇಳುತ್ತಾನೆ. ಅವರು ತಿರುಗಿ, ತಾತ ಏನಂದ ಎಂದು ತೆಲುಗಿನಲ್ಲಿ ನನ್ನನ್ನು ಕೇಳುತ್ತಾರೆ. ಅಪ್ಪನೂ ನನ್ನನ್ನೇ ನೋಡುತ್ತಾನೆ. ಕೆಲವು ದಿನ ಹೇಳುತ್ತೇನೆ. ಕೆಲವು ದಿನ ಕೇಳಿಸದವನ ಹಾಗೆ ಎದ್ದು ಹೋಗುತ್ತೇನೆ.